ಮಾವನ ಬಾಗಿಲಲ್ಲಿ ತುಳಿದ ನಿಂಬೆಹಣ್ಣು

ಹಳೆಯ ಮೋಟಾರ್‌ಸೈಕಲ್ಲೊಂದನ್ನು ಕೊಳ್ಳುವುದೋ ಬಿಡುವುದೋ ಎಂಬ ವಿಷಯವನ್ನು ಆಸೆಗೆ ಬಿಡದೆ ಶಿಸ್ತಿನಿಂದ ತೀರ್ಮಾನಿಸಬೇಕು ಎಂದು ನಾನು ಆ ಬೇಸಿಗೆಯಲ್ಲಿ ನಿಶ್ಚಯಿಸಿದೆ. ರಾಯಚೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರನಾಗಿದ್ದವನು ನಾನು. ಒಂದು ಸೀಟಿ ಊದಿದರೆ ಇಡೀ ಮೈದಾನ ನಿಲ್ಲುತ್ತಿತ್ತು. ಯಃಕಶ್ಚಿತ್ ಒಂದು ಗಾಡಿ ನನ್ನ ಕೈಯಲ್ಲಿ ನಿಲ್ಲದೆ ಇರುತ್ತದೆಯೇ ಎಂದು ಯೋಚಿಸಿದೆ. ನಿಂತಿತು. ತೊಂದರೆಯಾದದ್ದೇ ಅದರಿಂದ.

ಗಾಡಿಯ ಆಸೆ ಹುಟ್ಟಿಸಿದ್ದು ಬಸ್ಸು. ನನ್ನ ಹೆಂಡತಿ ಮಹಾದೇವಿಯ ತವರು ದೇವದುರ್ಗ. ನಾನು ಹೊತ್ತಿಗೆ ಮೊದಲೇ ಬಸ್‌ಸ್ಟ್ಯಾಂಡಿಗೆ ಹೋಗಿ ಸಾವಧಾನ ಭಂಗಿಯಲ್ಲಿ ನಿಲ್ಲುತ್ತಿದ್ದೆ. ಬಸ್ಸು ಮಾತ್ರ ತನಗೆ ಮನಸ್ಸಾದಾಗ ಬರುತ್ತಿತ್ತು. ಮಾವನ ಮನೆಯವರು ಊಟಕ್ಕೆ ಕರೆದಿದ್ದರೆ, ನಾವು ಮುಟ್ಟುವಷ್ಟರಲ್ಲಿ ಅವರೆಲ್ಲ ಉಂಡು, ಮಲಗಿ, ಎದ್ದು ಚಹಾ ಕುಡಿಯುತ್ತಿದ್ದರು. ಮಾವ ಕಟ್ಟೆಯ ಮೇಲೆ ಕುಳಿತು ಓಣಿಯವರಿಗೆ ಹೇಳುತ್ತಿದ್ದರು: "ನಮ್ಮ ಅಳಿಯಂದ್ರು ಸಾಲಿ ಹುಡುಗರನ್ನ ಟೈಮಿಗೆ ಓಡಸ್ತಾರ. ತಾವು ಮಾತ್ರ ಮಾರನೇ ದಿನ ಬರ್ತಾರ."

ಓಣಿ ನಗುತ್ತಿತ್ತು. ಒಮ್ಮೆಯಾದರೂ ಮಾವ ಮುಖ ತೊಳೆಯುವ ಮುಂಚೆ ಅವರ ಬಾಗಿಲಲ್ಲಿ ಹೋಗಿ ಇಳಿಯಬೇಕು ಎಂಬುದು ನನ್ನ ಬಾಳಿನ ಪರಮ ಗುರಿಯಾಯಿತು.

ಆಗ ಕಣ್ಣಿಗೆ ಬಿದ್ದದ್ದು ಖಾಜಾಸಾಬರ ಗಾಡಿ. ರಾಯಚೂರಿನ ತೀನ್ ಕಂದೀಲ್ ಚೌಕದ ಹತ್ತಿರ ಬಟ್ಟೆ ಅಂಗಡಿ ಇಟ್ಟಿದ್ದ ಖಾಜಾಸಾಬರು ನನ್ನ ಹಳೆಯ ಗೆಳೆಯರು. ಶಕ್ತಿನಗರದಲ್ಲಿ ವಿದ್ಯುತ್ ಕೇಂದ್ರ ಕಟ್ಟಲು ಬಂದಿದ್ದ ಇಂಜಿನಿಯರರೊಬ್ಬರು ವರ್ಗವಾಗಿ ಹೋಗುವಾಗ ಅದನ್ನು ಇವರಿಗೆ ಕೊಟ್ಟು ಹೋಗಿದ್ದರು. ಊರೂರು ಸುತ್ತಲೆಂದೇ ಮಾಡಿದ ಗಾಡಿ ಅದು. ಮುಂದೆ ಗಾಳಿ ತಡೆಯಲು ಎದೆಯೆತ್ತರದ ಗಾಜು, ಎರಡೂ ಪಕ್ಕಕ್ಕೆ ಸಾಮಾನಿನ ಪೆಟ್ಟಿಗೆ, ಮಂಚದಷ್ಟು ಅಗಲದ ಸೀಟು.

"ಮಾಸ್ತರ್ ಸಾಬ್, ಇದು ಗಾಡಿ ಅಲ್ಲ, ಆನಿ," ಎಂದರು ಖಾಜಾಸಾಬರು. "ನನ್ನ ಮೊಣಕಾಲಿಗೆ ಇದರ ಕಿಕ್ ಒಗ್ಗವಲ್ದು. ಅದಕ್ಕ ಮಾರಾಕತ್ತೀನಿ. ಗಾಡಿ ಮಾತ್ರ ಅಸಲಿ."

ನಾನು ಗಾಡಿಯ ಸುತ್ತ ಕೈ ಹಿಂದೆ ಕಟ್ಟಿ ನಡೆದೆ. ಶಾಲೆಯಲ್ಲಿ ಪರೇಡ್ ನೋಡುವಾಗ ಹುಡುಗರ ಉಗುರು ನೋಡುವ ಹಾಗೆ ಅದರ ಟೈರು ನೋಡಿದೆ. ಕೊರಳಪಟ್ಟಿ ನೋಡುವ ಹಾಗೆ ಹ್ಯಾಂಡಲ್ ನೋಡಿದೆ. ಗಾಡಿ ಗಂಭೀರವಾಗಿ ನಿಂತಿತ್ತು. ನನಗೆ ಹಿಡಿಸಿತು.

"ಈಗಲೇ ಹೂಂ ಅನ್ನಬ್ಯಾಡ್ರಿ," ಎಂದರು ಖಾಜಾಸಾಬರು. "ಬೀಗರ ಊರಿಗೆ ಹೋಗಿ ಬರ್ರಿ. ಆಮ್ಯಾಲ ತಗೊಳ್ಳೂದೋ ಬಿಡೂದೋ ಹೇಳ್ರಿ. ಒಂದ ಮಾತು ನೆನಪಿಡ್ರಿ, ಟಾಕಿ ಕೆಳಗ ಈ ಪೆಟ್ರೋಲ್ ನಳ ಅದ ನೋಡ್ರಿ, ಗಾಡಿ ನಿಂತ ಕೂಡ್ಲೇ ಇದನ್ನ ಮುಚ್ಚಬೇಕು. ಇಲ್ಲಾಂದ್ರ ಸೋರ್ತದ. ಹೊಂಡುವಾಗ ತಗೀಬೇಕು."

ನನಗೆ ನಗು ಬಂತು. ಶಾಲೆಯ ನಳಗಳನ್ನೆಲ್ಲ ಸಂಜೆ ನಾನೇ ಮುಚ್ಚಿಸುತ್ತಿದ್ದೆ. ತೆರೆದ ನಳ ಕಂಡರೆ ನನ್ನ ಕೈ ತಾನಾಗಿಯೇ ಏಳುತ್ತಿತ್ತು. ಅಂಥವನಿಗೆ ನಳದ ಪಾಠ!

ಮನೆಯಲ್ಲಿ ಸುದ್ದಿ ಹೇಳಿದೆ. ಮಹಾದೇವಿ ರೊಟ್ಟಿ ತಟ್ಟುತ್ತಲೇ ಕೇಳಿದಳು. "ಬಸ್ಸಿಗೇನಾಗ್ಯಾದ?"

"ಬಸ್ಸಿಗೆ ಶಿಸ್ತಿಲ್ಲ."

"ಗಾಡಿಗೆ ಅದೇನು?"

"ಕಲಿಸ್ತೀನಿ."

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿದಳು. "ನನ್ನದು ಒಂದ ಮಾತು. ಇನ್ನೂ ತಗೊಂಡಿಲ್ಲ, ನೋಡಾಕ ತಂದೀವಿ ಅಂತ ನಮ್ಮಪ್ಪಗ ಮೊದಲ ಹೇಳಬೇಕು. ಹಿಂದಾಗಡೆ ಮಂದಿ ಮುಂದ ನನ್ನ ಮಾರಿ ಕೆಳಗ ಮಾಡಬ್ಯಾಡ್ರಿ."

ಒಪ್ಪಿದೆ. ಒಪ್ಪುವುದಕ್ಕೇನು?

ಭಾನುವಾರ ನಸುಕಿನಲ್ಲೇ ಹೊರಟೆವು. ನೇರವಾಗಿ ದೇವದುರ್ಗಕ್ಕೆ ಹೋದರೆ ಗಾಡಿಯ ಯೋಗ್ಯತೆ ತಿಳಿಯದೆಂದು ಮಾನ್ವಿಯ ಮೇಲೆ ಸುತ್ತು ಹೊಡೆದು ಹೋಗುವ ಯೋಜನೆ ಹಾಕಿದ್ದೆ. "ಸ್ವಂತ ತವರಿಗೆ ಹೋಗಾಕ ಮಾನ್ವಿ ಯಾಕ ಬೇಕ್ರೀ?" ಎಂದು ಮಹಾದೇವಿ ಕೇಳಿದಳು. "ಪರೀಕ್ಷೆ," ಎಂದೆ. "ಗಾಡಿಗೋ ನನಗೋ?" ಎಂದಳು.

ಮಾನ್ವಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ನಳ ಮುಚ್ಚಿದೆ. ಚಹಾ ಅಂಗಡಿಯಲ್ಲಿದ್ದವರೆಲ್ಲ ಗಾಡಿಯ ಸುತ್ತ ಬಂದು ನಿಂತರು. ಒಬ್ಬ ಗಾಜನ್ನು ಬೆರಳಿನಿಂದ ತಟ್ಟಿ, "ಇದು ಯಾಕ್ರೀ, ಮಳಿ ಬಂದ್ರ ಒಳಗ ಕೂಡ್ರಾಕೇನು?" ಎಂದ. ಇನ್ನೊಬ್ಬ, "ಪೆಟ್ಟಿಗ್ಯಾಗ ಕುರಿಮರಿ ಹಿಡಿತಾವೇನ್ರೀ?" ಎಂದು ವಿಚಾರಿಸಿದ. ನಾನು ಎಲ್ಲರಿಗೂ ಗಾಂಭೀರ್ಯದಿಂದ ಉತ್ತರಿಸಿ, ನಳ ತೆರೆದು, ಕಿಕ್ ಹೊಡೆದೆ. ಮೊದಲ ಏಟಿಗೇ ಗಾಡಿ ಗುಡುಗಿತು. ತೀರ್ಮಾನ ಅರ್ಧ ಆಗಿಯೇ ಹೋಯಿತು. ಮಹಾದೇವಿ ಮಾತ್ರ, "ನನ್ನ ಸೊಂಟ ಇಲ್ಲೇ ಮಾನ್ವ್ಯಾಗ ಬಿಟ್ಟೀನಿ, ಬರುವಾಗ ತಗೊಂಡು ಹೋಗೂಣು," ಎಂದು ಮತ್ತೆ ಹತ್ತಿದಳು.

ದೇವದುರ್ಗದಲ್ಲಿ ಮಾವ ಬಾಯಲ್ಲಿ ಬೇವಿನಕಡ್ಡಿ ಇಟ್ಟುಕೊಂಡು ಕಟ್ಟೆಯ ಮೇಲೆ ನಿಂತಿದ್ದರು. ಇನ್ನೂ ಮುಖ ತೊಳೆದಿರಲಿಲ್ಲ. ಗುರಿ ಮುಟ್ಟಿದ್ದೆ! ನಾನು ಗಾಡಿ ನಿಲ್ಲಿಸಿ, ಒಂದೇ ಚಲನೆಯಲ್ಲಿ ನಳ ಮುಚ್ಚಿ, ಇಳಿದು ನಿಂತೆ.

ಮಾವನ ಬಾಯಿಂದ ಬೇವಿನಕಡ್ಡಿ ಬಿತ್ತು. "ಅಳಿಯಂದ್ರ, ನಿಮ್ದ ಏನಿದು?"

ಹೇಳಬೇಕಾದ ಮಾತು ನಾಲಿಗೆಯ ಮೇಲೆಯೇ ಇತ್ತು. ಆದರೆ ಓಣಿಯ ಬಾಗಿಲುಗಳೆಲ್ಲ ತೆರೆದಿದ್ದವು. ವರ್ಷಗಟ್ಟಲೆ ನನ್ನನ್ನು ನೋಡಿ ನಕ್ಕ ಮುಖಗಳೆಲ್ಲ ಬಾಯಿ ತೆರೆದು ನಿಂತಿದ್ದವು. ಶಿಸ್ತಿನ ಮನುಷ್ಯ ಸುಳ್ಳು ಹೇಳುವುದಿಲ್ಲ. ನಾನೂ ಹೇಳಲಿಲ್ಲ. ಸುಮ್ಮನೆ ಮುಗುಳ್ನಕ್ಕೆ.

ಅಷ್ಟು ಸಾಕಾಯಿತು. "ಏ ಇವಳ, ಆರತಿ ತಾ! ಅಳಿಯಂದ್ರು ಗಾಡಿ ತಂದಾರ!" ಎಂದು ಮಾವ ಒಳಗೆ ನುಗ್ಗಿದರು. ಮಹಾದೇವಿ, "ಯಪ್ಪಾ, ಒಂದೀಟು ಕೇಳು," ಎಂದು ಹಿಂದೆ ಓಡಿದಳು. ಮನೆಯ ತುಂಬ ಗದ್ದಲ. ಅವಳ ಮಾತು ಯಾರ ಕಿವಿಗೂ ಬೀಳಲಿಲ್ಲ. ನೋಡನೋಡುತ್ತಿದ್ದಂತೆ ಹೆಡ್‌ಲೈಟಿಗೆ ವಿಭೂತಿ, ಕುಂಕುಮ ಬಂದವು. ಅತ್ತೆ ತೊಲೆಯಷ್ಟು ದಪ್ಪದ ಚೆಂಡುಹೂವಿನ ಮಾಲೆಯನ್ನು ಗಾಜಿನ ಮೇಲಿಂದ ಟಾಕಿಯ ಕೆಳಗಿನವರೆಗೂ ಇಳಿಬಿಟ್ಟರು. ಕಾಯಿ ಒಡೆಯಿತು. ಎರಡೂ ಗಾಲಿಗೆ ನಿಂಬೆಹಣ್ಣು ಇಟ್ಟರು.

"ಹೂಂ, ಆರತಿ ಆರೂದ್ರಾಗ ತುಳಿಸ್ರಿ," ಎಂದರು ಮಾವ.

ಕಿಕ್ ಹೊಡೆದೆ. ಗಾಡಿ ತೆಪ್ಪಗೆ ನಿಂತಿತ್ತು. ಮತ್ತೆ ಹೊಡೆದೆ. ಅತ್ತೆ ಆರತಿಯ ತಟ್ಟೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. ಅಂಗಿ ಬೆವರಿನಲ್ಲಿ ತೊಯ್ದಿತು, ಚಪ್ಪಲಿ ಒಂದು ಹಾರಿ ಕಟ್ಟೆಯ ಪಕ್ಕ ಕಟ್ಟಿದ್ದ ಹಸುವಿನ ಮೇಲೆ ಬಿತ್ತು. ಅತ್ತೆಯ ಮುಂದೆ ಗಾಡಿಗೆ ಬೈಯುವಂತೆಯೂ ಇರಲಿಲ್ಲ.

"ದೇವ್ರ ಮುಂದ ನಾಚಿಕಿ ಪಡಾಕತ್ತದ," ಎಂದ ಎದುರು ಮನೆಯವನು. "ದಬ್ರಿ," ಎಂದರು ಮಾವ.

ಓಣಿಗೆ ಓಣಿಯೇ ದಬ್ಬಿತು. ನಿಂಬೆಹಣ್ಣು ಪಚಕ್ಕೆಂದವು. ಗಾಡಿ ಕೆಮ್ಮಿ, ಹೂಂಕರಿಸಿ, ಒಮ್ಮೆಲೇ ಓಡತೊಡಗಿತು. ನನಗೆ ಎದುರಿಗೆ ಕಾಣುತ್ತಿದ್ದುದು ಚೆಂಡುಹೂವು ಮಾತ್ರ. ದಾರಿ ಬಿಡಿ ಎಂದು ಕೂಗುತ್ತ ಬಜಾರದ ನಡುವೆ ಹೋದೆ. ಹೂವಿನ ಗಾಡಿ ನೋಡಿ ಜನ ಭಕ್ತಿಯಿಂದ ಸರಿದು ನಿಂತರು. ಅಷ್ಟು ದೂರ ಹೋದ ಮೇಲೆ ಗಾಡಿ ಮತ್ತೆ ಕೆಮ್ಮಿ, ತಣ್ಣಗಾಗಿ, ತಾನಾಗಿಯೇ ಒಂದು ಕಡೆ ನಿಂತಿತು. ಮಾಲೆ ಸರಿಸಿ ನೋಡಿದೆ. ಬಸ್‌ಸ್ಟ್ಯಾಂಡು. ಎದುರಿಗೇ ರಾಯಚೂರಿನ ಬಸ್ಸು.

ವರ್ಷಗಳಿಂದ ನನ್ನನ್ನು ಬಲ್ಲ ಕಂಡಕ್ಟರ್ ಬಾಗಿಲಲ್ಲಿ ನಿಂತು ಬೀಡಿ ಸೇದುತ್ತಿದ್ದ. "ಬರ್ರಿ ಮಾಸ್ತರ್, ಸೀಟು ಅದ," ಎಂದ.

ಅಷ್ಟರಲ್ಲಿ ಮಾವ, ಮಹಾದೇವಿ, ಅರ್ಧ ಓಣಿ ಓಡಿ ಬಂದರು. ಮಹಾದೇವಿಗೆ ಆಗ ಮಾತಾಡಲು ಸಂದು ಸಿಕ್ಕಿತು. "ಯಪ್ಪಾ, ಗಾಡಿ ನಮ್ದಲ್ಲ. ಖಾಜಾಸಾಬ್ರದು. ನೋಡಾಕ ತಂದೀವಿ."

ಮಾವ ನನ್ನ ಕಡೆ ತಿರುಗಿದರು. "ನಿಮ್ದ ಏನು ಅಂತ ಕೇಳಿದ್ನಲ್ಲ?"

"ಕೇಳಿದ್ರಿ."

"ನಕ್ಕ್ರಲ್ಲ?"

ಅದಕ್ಕೂ ನಗುವುದೊಂದೇ ಉಳಿದಿತ್ತು. ಈ ಸಲ ಬರಲಿಲ್ಲ.

"ನಮ್ಮ ಬಾಗಿಲ್ದಾಗ ನಿಂಬಿಹಣ್ಣು ತುಳಿದ ಗಾಡಿ ಮಂದಿ ಮನಿಗೆ ಹೋದ್ರ ನಮ್ಮ ಲಕ್ಷ್ಮಿನೂ ಅದರ ಹಿಂದ ಕುಂತು ಹೋಗ್ತಾಳ," ಎಂದರು ಮಾವ. "ಹಂಗ ಬಿಡಂಗಿಲ್ಲ. ನಡ್ರಿ, ನಾನೂ ಬರ್ತೀನಿ. ಇವತ್ತ ಮಾತು ಮುಗೀಬೇಕು."

ಗಾಡಿ ಬರಬೇಕಲ್ಲ? ಬಸ್‌ಸ್ಟ್ಯಾಂಡಿನ ಹಮಾಲರೆಲ್ಲ ಸೇರಿ, ಹಗ್ಗ ಹಾಕಿ, ಬೀಡಿ ಸೇದುತ್ತಿದ್ದ ಕಂಡಕ್ಟರನನ್ನೂ ಸೇರಿಸಿಕೊಂಡು, ಅದನ್ನು ಬಸ್ಸಿನ ಮೇಲೆ ಏರಿಸಿ ಕಟ್ಟಿದರು. ಬಸ್ಸು ಹೊರಟಿತು. ಮೇಲೆ ಹೂವು, ಕುಂಕುಮ, ವಿಭೂತಿಯ ನಮ್ಮ ಗಾಡಿ. ದಾರಿಯ ಹಳ್ಳಿಗಳಲ್ಲಿ ಬಸ್ಸಿಗೆ ಕಾದಿದ್ದವರು ತಲೆಯೆತ್ತಿ ನೋಡಿ ಕೈ ಮುಗಿದರು. ಒಬ್ಬ ಮುದುಕಿ ಕಿಟಕಿಯಲ್ಲಿದ್ದ ನನಗೇ, "ಯಾವ ದೇವ್ರೋ ಯಪ್ಪಾ?" ಎಂದು ಕೇಳಿದಳು. ಮಹಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಸ್ಸು ಆವತ್ತು ಟೈಮಿಗೆ ಸರಿಯಾಗಿ ರಾಯಚೂರು ಮುಟ್ಟಿತು.

ಅಂಗಡಿಯ ಮುಂದೆ ಗಾಡಿ ಇಳಿಸಿದೆವು. ನಾನು ಖಾಜಾಸಾಬರಿಗೆ ಗಾಡಿಯ ಮೊಂಡುತನದ ಬಗ್ಗೆ ವರದಿ ಒಪ್ಪಿಸುತ್ತಿದ್ದೆ. ಅವರು ಕೇಳುತ್ತಲೇ ಬಾಗಿ, ಚೆಂಡುಹೂವಿನ ಮಾಲೆಯನ್ನು ಪಕ್ಕಕ್ಕೆ ಸರಿಸಿ, ಟಾಕಿಯ ಕೆಳಗೆ ಕೈ ಹಾಕಿ ಏನನ್ನೋ ತಿರುಗಿಸಿದರು. ನೋಯುವ ಮೊಣಕಾಲಿನಲ್ಲೇ ಒಂದು ಕಿಕ್ ಹೊಡೆದರು. ಗಾಡಿ ಗುಡುಗಿತು.

"ನಳ ಬಂದ್ ಇತ್ತು," ಎಂದರು ಮೆಲ್ಲಗೆ.

"ಮುಚ್ಚಿದವ್ರು ಯಾರು?" ಎಂದರು ಮಾವ.

"ಶಿಸ್ತು," ಎಂದಳು ಮಹಾದೇವಿ.

ಖಾಜಾಸಾಬರು ನಗುವನ್ನು ಗಡ್ಡದಲ್ಲಿ ಬಚ್ಚಿಟ್ಟುಕೊಂಡು ಕೇಳಿದರು. "ಹೇಳ್ರಿ ಮಾಸ್ತರ್ ಸಾಬ್. ತಗೊಳ್ಳೂದೋ ಬಿಡೂದೋ?"

ನಾನು ಗಂಟಲು ಸರಿಪಡಿಸಿಕೊಂಡೆ. "ಎಲ್ಲಾ ಅಂಶಗಳನ್ನೂ ವಿಚಾರ ಮಾಡಿ ನೋಡಿದರ," ಎಂದು ಶುರು ಮಾಡುವಷ್ಟರಲ್ಲಿ ಮಾವ ಧೋತರ ಮೇಲೆ ಕಟ್ಟಿ ಸೀಟಿನ ಮೇಲೆ ಕುಳಿತಾಗಿತ್ತು. ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿ ಪಳಗಿದ ಕೈ ಅದು.

"ವಿಚಾರ ಮುಗೀತು," ಎಂದರು. "ನಿಂಬಿಹಣ್ಣು ತುಳಿದದ್ದು ನನ್ನ ಬಾಗಿಲ್ದಾಗ. ಗಾಡಿ ನನ್ನದು. ಖಾಜಾಸಾಬ್, ನಿಮ್ಮ ರೇಟು ಹೇಳ್ರಿ."

ಖಾಜಾಸಾಬರು ಅವರೊಂದಿಗೆ ಎಷ್ಟು ಬೇಗ ಮಾತು ಮುಗಿಸಿದರೆಂದರೆ, ನನ್ನ ತೀರ್ಮಾನವೇನೆಂದು ಇಂದಿನವರೆಗೂ ಯಾರೂ ಕೇಳಿಲ್ಲ.

ಆಮೇಲೆ ನಾವು ತವರಿಗೆ ಹೋಗುವ ದಿನ ಬಂದರೆ ಮಾವನೇ ಆ ಗಾಡಿಯ ಮೇಲೆ ರಾಯಚೂರಿಗೆ ಬರುತ್ತಿದ್ದರು, ನಾನು ಇನ್ನೂ ಮುಖ ತೊಳೆಯುವ ಮುಂಚೆ. ಮಗಳನ್ನು ಅಗಲದ ಸೀಟಿನ ಮೇಲೆ ಹಿಂದೆ ಕೂಡಿಸಿಕೊಂಡು ಹೋಗುತ್ತಿದ್ದರು. ಹಾಗೆಂದು ನನ್ನನ್ನು ಮರೆಯುತ್ತಿರಲಿಲ್ಲ. ಮೊದಲು ನನ್ನನ್ನು ಹತ್ತಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದರು. ಅಲ್ಲಿ ಕಂಡಕ್ಟರ್, "ಮಾಸ್ತರ್, ಒಳಗ ಕೂಡ್ತೀರೋ, ಮ್ಯಾಲ ಕಟ್ಟಬೇಕೋ?" ಎಂದು ಗೌರವದಿಂದ ಕೇಳುತ್ತಿದ್ದ.

ಒಮ್ಮೆ ಹಿಂದಿನ ಸೀಟಿನಲ್ಲಿ ಕುಳಿತವನು ತಡೆಯಲಾರದೆ ಕೇಳಿದೆ. "ಮಾವನವರ, ನಳ ತೆರದದೋ ಇಲ್ಲೋ ನೋಡಿದ್ರೇನು?"

ಅವರು ಹಿಂದೆ ತಿರುಗಿಯೂ ನೋಡಲಿಲ್ಲ. "ಅದು ತೆರದ ಇರ್ತದ ಅಳಿಯಂದ್ರ. ಮುಚ್ಚೋರು ಹಿಂದ ಕುಂತಾರಲ್ಲ."