ಬೆದರಿಕೆ ಯಾವ ದಡ ಸೇರಿತು?

ಕೈಗೆ ಕೊಟ್ಟ ಕಾಗದವನ್ನು ಕೊನೆಯವರೆಗೂ ಓದುವ ಚಾಳಿಯೇ ಹಾಲ್ವರ್ ಮುದುಕನಿಗೆ ಮುಳುವಾಯಿತು.

ಆ ಶುಕ್ರವಾರ ಫೆಡರಲ್ ನ್ಯಾಯಾಲಯದ ಜ್ಯೂರಿ ಕೋಣೆಯಲ್ಲಿ ಹನ್ನೆರಡು ಮಂದಿ ಕುಳಿತಿದ್ದರು. ಹಿರಿಯನೆಂದು ಹಾಲ್ವರನನ್ನೇ ಮುಖ್ಯಸ್ಥನನ್ನಾಗಿ ಮಾಡಿದ್ದರು. ಮೊಕದ್ದಮೆ ಸರಳವಾಗಿಯೇ ಕಂಡಿತು. ನದಿಯ ಈ ದಡದ ಮಿನೆಸೋಟ ರಾಜ್ಯದವನೊಬ್ಬ, ಆ ದಡದ ವಿಸ್ಕಾನ್ಸಿನ್ ರಾಜ್ಯದಲ್ಲಿ ಮನೆ ಮಾಡಿರುವ ಭಾವಮೈದುನನಿಗೆ ಫೋನು ಮಾಡಿ, ದೋಣಿಯಲ್ಲಿ ಪಾಲು ಕೊಡದಿದ್ದರೆ ಕಾಲು ಮುರಿಯುತ್ತೇನೆ ಎಂದಿದ್ದ. ಆ ಮಾತಿನ ರೆಕಾರ್ಡು ಕೇಳಿದವರ ಕಿವಿ ಇನ್ನೂ ಕೆಂಪಗಿತ್ತು.

ಹಾಲ್ವರನಿಗೂ ಅವಸರವಿತ್ತು. ಅಂದು ಸಂಜೆ ಆಚೆ ದಡದ ಚರ್ಚಿನಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಮೀನಿನೂಟ. ಹೆಂಡತಿ ಸೋಲ್ವೆ ಬದುಕಿದ್ದಷ್ಟು ದಿನವೂ ಅಲ್ಲಿ ಮೀನು ಕರಿಯುವ ಕೆಲಸ ಅವಳದು, ತಟ್ಟೆ ತೊಳೆಯುವುದು ಇವನದು. ಅವಳು ದೇವರ ಪಾದ ಸೇರಿದ ಮೇಲೆ, ಈ ವರ್ಷ ಮೊದಲ ಬಾರಿಗೆ ಅವಳ ಬಾಣಲೆಯನ್ನು ಇವನಿಗೆ ಒಪ್ಪಿಸಿದ್ದರು. ತಡವಾದರೆ ಅದು ಚರ್ಚಿನ ಗೆಳೆಯ ಆರ್ನಿಯ ಪಾಲು. ಆರ್ನಿ ಕರಿದ ಮೀನೆಂದರೆ ಹಳೆಯ ಚಪ್ಪಲಿಯ ಅಟ್ಟೆ.

ಬ್ಯೂಟಿ ಪಾರ್ಲರ್ ನಡೆಸುವ ಡೊರೀನ್, ತಪ್ಪಿತಸ್ಥ ಎಂದು ಬರೆದು ಎದ್ದುಬಿಡೋಣ ಎಂದಳು. ಎಲ್ಲರ ಕೈ ಮೇಲೆದ್ದಿತು. ಹಾಲ್ವರನ ಕೈಯೂ ಅರ್ಧ ಎದ್ದಿತ್ತು. ಅಷ್ಟರಲ್ಲಿ ನ್ಯಾಯಾಧೀಶರು ಬರೆದುಕೊಟ್ಟಿದ್ದ ಸೂಚನೆಗಳ ಕೊನೆಯ ಪುಟ ಅವನ ಕಣ್ಣಿಗೆ ಬಿತ್ತು. ಬೆದರಿಕೆ ಹಾಕಿದ್ದು ಸಾಬೀತಾದರೆ ಸಾಲದು. ಅದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಹೋಯಿತೆಂಬುದೂ ಸಾಬೀತಾಗಬೇಕು. ಇಲ್ಲವಾದರೆ ಇದು ಈ ನ್ಯಾಯಾಲಯದ ಕೆಲಸವೇ ಅಲ್ಲ.

"ಫೋನು ಬಂದಾಗ ಆ ಭಾವಮೈದುನ ಎಲ್ಲಿದ್ದ?" ಎಂದ ಹಾಲ್ವರ್.

"ದೋಣಿಗೆ ಬಣ್ಣ ಬಳೀತಿದ್ದೆ ಅಂದ್ನಲ್ಲ."

"ದೋಣಿ ಯಾವ ದಡದಲ್ಲಿತ್ತು? ಈ ದಡದಲ್ಲೇ ಇದ್ದಿದ್ರೆ ಬೆದರಿಕೆ ನದೀನೇ ದಾಟ್ಲಿಲ್ಲ."

ಯಾರಿಗೂ ಗೊತ್ತಿರಲಿಲ್ಲ. ಪೆಟ್ರೋಲಿಗೆ ಆಚೆ, ಹಲ್ಲು ಕೀಳಿಸಲು ಈಚೆ ಎಂದು ದಿನವಿಡೀ ಸೇತುವೆ ದಾಟುವ ಜನ. ಯಾವ ದಡ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಸರ್ಕಾರಿ ವಕೀಲನೂ ಇದೇ ಊರಿನವನು. ಅವನೂ ಕೇಳಿರಲಿಲ್ಲ.

ನ್ಯಾಯಾಧೀಶರಿಗೆ ಚೀಟಿ ಕಳಿಸಿ ಕೇಳಿದರೆ, ಕೇಳಿದ ಸಾಕ್ಷ್ಯವನ್ನೇ ನೆನಪಿಸಿಕೊಳ್ಳಿ ಎಂಬ ಉತ್ತರ ಬಂತು. ಊಟದ ಹೊತ್ತಿಗೆ ಹಾಲ್ವರನ ಅಕ್ಕಪಕ್ಕದ ಕುರ್ಚಿಗಳು ಸಿಡುಬು ತಗುಲೀತೆಂಬಂತೆ ದೂರ ಸರಿದಿದ್ದವು. ಒಬ್ಬನು ಕಾಫಿಯ ಕೆಟಲನ್ನೂ ತನ್ನತ್ತ ಎಳೆದುಕೊಂಡ.

"ಅಜ್ಜಾ, ಮೀನಿನ ಅವಸರ ನಿಮ್ಗೇ ಅಂದ್ರಿ. ಮತ್ಯಾಕೆ ಈ ಹಟ?" ಎಂದಳು ಡೊರೀನ್.

"ದೇವರ ಮುಂದೆ ಆಣೆ ಮಾಡಿ ಕೂತಿದೀನಮ್ಮ. ಮೀನಿಗೋಸ್ಕರ ಒಬ್ಬನ್ನ ಜೈಲಿಗೆ ಕಳಿಸಿದ್ರೆ, ಆ ಮೀನು ಗಂಟಲಲ್ಲಿ ಇಳಿಯತ್ತಾ?"

ಆಮೇಲೆ ಒಬ್ಬೊಬ್ಬರೇ ಮೆತ್ತಗಾದರು. ಕತ್ತಲಾಗುವ ಹೊತ್ತಿಗೆ ಆರೋಪಿಯ ಬಿಡುಗಡೆಯಾಯಿತು. ಹಾಲ್ವರ್ ಹಗುರವಾದ ಮನಸ್ಸಿನಿಂದ ಬಾಗಿಲಿಗೆ ಬಂದ. ಕಾವಲಿನ ಮಾರ್ಷಲ್ ಎಲ್ಲರ ಫೋನುಗಳನ್ನು ಮರಳಿಸಿದ. ಹಾಲ್ವರನ ಫೋನಿನಲ್ಲಿ ಆರ್ನಿಯ ಸಂದೇಶ ಕಾದಿತ್ತು: ನೀನು ಬರುವಂತೆ ಕಾಣುತ್ತಿಲ್ಲ, ಸೋಲ್ವೆಯ ಬಾಣಲೆಯಲ್ಲಿ ನಾನೇ ಶುರುಮಾಡಿದ್ದೇನೆ.

ಹಾಲ್ವರನಿಗೆ ಮೈಯೆಲ್ಲ ಉರಿಯಿತು. ನಿಂತಲ್ಲೇ ಫೋನು ಮಾಡಿದ.

"ಆರ್ನೀ, ಆ ಬಾಣಲೆ ಇನ್ನೊಂದ್ಸಲ ಮುಟ್ಟಿದ್ರೆ ನಿನ್ನ ಕೈಯನ್ನೇ ಎಣ್ಣೆಗೆ ಹಾಕಿ ಕರೀತೀನಿ, ನೋಡ್ತಿರು."

ಹಜಾರದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಾರ್ಷಲ್ ಮೆಲ್ಲಗೆ ಹತ್ತಿರ ಬಂದ.

"ಫೋನೆತ್ತಿದೋರು ಎಲ್ಲಿದಾರೆ ಸಾರ್?"

"ಇನ್ನೆಲ್ಲಿರ್ತಾನೆ? ಸೇತುವೆ ಆಚೆ, ವಿಸ್ಕಾನ್ಸಿನ್ ಚರ್ಚಲ್ಲಿ. ಎಣ್ಣೆ ಚುರುಗುಟ್ಟಿದ್ದು ನನ್ನ ಕಿವಿಗೇ ಕೇಳಿಸ್ತು" ಎಂದ ಹಾಲ್ವರ್, ಕೋಪದಲ್ಲಿ.

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವನಿಗೇ ತಿಳಿಯಿತು. ಮಾರ್ಷಲ್, ಒಂದೆರಡು ಮಾತು ಕೇಳುವುದಿದೆ, ಸ್ವಲ್ಪ ಹೊತ್ತಾಗುತ್ತದೆ ಎಂದು ಕುರ್ಚಿ ಹಾಕಿಕೊಟ್ಟ. ಹೊರಟಿದ್ದ ಹನ್ನೊಂದು ಮಂದಿಯಲ್ಲಿ ಒಬ್ಬರೂ ಹೊರಡಲಿಲ್ಲ. ಡೊರೀನ್ ಕೈಚೀಲವನ್ನು ಕೆಳಗಿಟ್ಟು, ಬೆಳಗಿನಿಂದ ಮೊದಲ ಬಾರಿಗೆ ನಗುತ್ತಾ, ಅವನ ಪಕ್ಕದಲ್ಲೇ ಕುಳಿತಳು.

"ಯೋಚ್ನೆ ಮಾಡ್ಬೇಡಿ ಅಜ್ಜಾ. ನಿಮ್ಮ ಕೇಸು ಐದೇ ನಿಮಿಷದ್ದು."