ಮುಯ್ಯಿಗೆ ನಿಂತ ಕಂಪನಿ

ಹೊಸ ಕಸುಬು ಶುರು ಮಾಡಿದವರಿಗೆ ಬೆಂಬಲ ಸಿಗುವುದಿಲ್ಲ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನನಗೆ ದಿನಾ ಒಂದಲ್ಲ ಒಂದು ಬೆಂಬಲ ಸಿಗುತ್ತಲೇ ಇರುತ್ತದೆ. ಕೇಳಿದ ರೂಪದಲ್ಲಿ ಮಾತ್ರ ಒಂದೂ ಬರುವುದಿಲ್ಲ.

ರಾಮನಗರದ ತರಬೇತಿಯಲ್ಲಿ, ಸ್ಟಾರ್ಟಪ್ ನಿಲ್ಲಬೇಕಾದರೆ ಮಾರ್ಗದರ್ಶನ, ತಂತ್ರಜ್ಞಾನ, ಮಾರುಕಟ್ಟೆ, ತಂಡ, ಬಂಡವಾಳ ಎಲ್ಲವೂ ಬೇಕು ಅಂತ ಹೇಳಿಕೊಟ್ಟರು. ನಾನು ತಿಪ್ಪಸಂದ್ರದ ನಮ್ಮ ಮನೆಗೆ ಬಂದು, ಅವರೆಕಾಳು ನೆನೆಸಿ, ಸಿಪ್ಪೆ ಹಿತುಕಿ, ಬೇಳೆಯನ್ನು ಪ್ಯಾಕೆಟ್ ಮಾಡಿ ಬೆಂಗಳೂರಿಗೆ ಕಳಿಸುವ ಕಂಪನಿ ತೆರೆದೆ. ಜಾಗ ಕೊಟ್ಟವರು ನಮ್ಮತ್ತೆ. ಕೊಡುವಾಗಲೇ ಷರತ್ತು ಹಾಕಿದರು. "ಸಂಕ್ರಾಂತಿಗಂಟ ನೋಡು. ಓಡ್ಲಿಲ್ಲ ಅಂದ್ರೆ ಬಾಗ್ಲಾಕು. ರಾಗಿ ಮೂಟೆ ಇಡಕ್ಕೆ ನಂಗೆ ಆ ಕೋಣೆ ಬೇಕು."

೧. ಗುರುಗಳು ಬಂದದ್ದು

ತರಬೇತಿ ಕೊಟ್ಟ ಗುರುಗಳು ಒಂದು ದಿನ ಬಸ್ಸು ಹತ್ತಿ ನಮ್ಮ ಕೆಲಸ ನೋಡಲು ಬಂದರು. ಅವರೆ ಕಾಲದಲ್ಲಿ ನಮ್ಮ ಜಗಲಿ ಮೇಲೆ ಯಾರೂ ಸುಮ್ಮನೆ ಕೂರುವ ಹಾಗಿಲ್ಲ. ನೆಂಟರಾಗಲಿ, ಪೋಸ್ಟ್‌ಮ್ಯಾನ್ ಆಗಲಿ, ಕೂತವರ ಮುಂದೆ ನೆನೆಸಿದ ಕಾಳಿನ ತಟ್ಟೆ ಬರುತ್ತದೆ. ಗುರುಗಳ ಮುಂದೂ ಬಂತು. ಅವರು ಹಿತುಕಿದ ಮೊದಲ ಕಾಳು ಅವರದೇ ಕನ್ನಡಕಕ್ಕೆ ಬಡಿಯಿತು.

"ನಿಮಗೆ ಪ್ರತಿಸ್ಪರ್ಧಿಗಳು ಯಾರಮ್ಮ?" ಅಂತ ಅವರು ಅತ್ತೆಯನ್ನು ಕೇಳಿದರು.

"ಯಾರೂ ಇಲ್ಲ ಕಣಪ್ಪ. ಪಕ್ಕದ ಮನೆಯೋಳು ಒಬ್ಳಿದ್ಲು. ಓದ್ವರ್ಸ ರಾಜಿ ಆಗೋಯ್ತು."

ಗುರುಗಳು ಸಂಜೆವರೆಗೂ ಬಿಸಿನೆಸ್ ಮಾಡೆಲ್ ವಿವರಿಸುತ್ತಾ ಹಿತುಕಿದರು. ನನಗೆ ಅರ್ಥವಾದದ್ದು ಅಷ್ಟಕ್ಕಷ್ಟೆ. ಅವರು ಹೋದ ಮೇಲೆ ಅತ್ತೆ ಆ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ವಾರಕ್ಕೊಂದ್ಸಲ ಬರಕ್ಕೇಳು ಇವ್ರಿಗೆ. ಮಾತು ಒಸಿ ಜಾಸ್ತಿ. ಆದ್ರೆ ಒಂದ್ ಬೇಳೇನೂ ಮುರ್ದಿಲ್ಲ."

೨. ಕನಕಪುರದ ಮಿಷನ್ನು

ಕೈಯಲ್ಲಿ ಹಿತುಕಿ ಪೂರೈಸುವುದಿಲ್ಲ ಅಂತ ಕನಕಪುರದ ಮೆಕ್ಯಾನಿಕ್ ಒಬ್ಬರಿಂದ ಮಿಷನ್ ಮಾಡಿಸಿದೆ. "ಸ್ವಿಚ್ ಹಾಕಿದ್ರೆ ಸಿಪ್ಪೆ ಒಂದ್ಕಡೆ, ಬೇಳೆ ಒಂದ್ಕಡೆ" ಅಂದಿದ್ದರು. ಸುಳ್ಳು ಹೇಳಿರಲಿಲ್ಲ. ಸಿಪ್ಪೆಯೆಲ್ಲ ನೀಟಾಗಿ ಮಿಷನ್ನಿನಲ್ಲೇ ಉಳಿಯಿತು, ಬೇಳೆಯೆಲ್ಲ ಬೀದಿಗೆ ಹಾರಿತು. ಮಿಷನ್ನಿನ ಮೂತಿಗೆ ಗೋಣಿಚೀಲ ಕಟ್ಟಿದೆವು, ಬೆಡ್‌ಶೀಟು ಕಟ್ಟಿದೆವು. ಅವರೆಬೇಳೆ ಸಂದು ಹುಡುಕಿಕೊಂಡು ಹಾರುತ್ತಲೇ ಇತ್ತು.

ಬೀದಿಯ ಕೋಳಿಗಳು ಬಲು ಬೇಗ ಕಲಿತವು. ಗುರ್ ಅಂತ ಸದ್ದು ಬಂದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಿದ್ದವು. ನಷ್ಟ ತಡೆಯಲಾರದೆ ಮಿಷನ್ ನಿಲ್ಲಿಸಿದೆ. ಮಾರನೇ ದಿನ, ಆ ರಾಜಿಯಾಗಿದ್ದ ಪಕ್ಕದ ಮನೆಯವಳು ಸೊಂಟಕ್ಕೆ ಕೈಯಿಟ್ಟುಕೊಂಡು ಬಂದಳು.

"ಮಿಷನ್ ಯಾಕವ್ವ ಆಕ್ಲಿಲ್ಲ? ನಮ್ ಕೋಳಿ ಉಪ್ವಾಸ ಕೂತವೆ."

೩. ಬಸ್ಸಿನ ಮಾರುಕಟ್ಟೆ

ನಮ್ಮ ಕಡೆ ರೈಲಿಲ್ಲ, ಏನಿದ್ದರೂ ಬಸ್ಸೇ. ಪ್ಯಾಕೆಟ್ಟುಗಳ ಡಬ್ಬವನ್ನು ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಬೆಂಗಳೂರಿನ ಅಂಗಡಿಯವರು ನಿಲ್ದಾಣಕ್ಕೆ ಬರ್ತಾರೆ, ಕೊಟ್ಟುಬಿಡಿ ಅಂದಿದ್ದೆ. ಹೊತ್ತೇರಿದ ಮೇಲೆ ಅಂಗಡಿಯವರ ಫೋನು ಬಂತು. ಡಬ್ಬ ಬಂದಿದೆ, ಒಳಗೆ ಏನೂ ಇಲ್ಲ.

ಗಾಬರಿಯಾಗಿ ಕಂಡಕ್ಟರಿಗೆ ಫೋನ್ ಮಾಡಿದೆ.

"ಅಕ್ಕಾ, ಬಸ್ಸಲ್ಲಿ ಎಲ್ರೂ ವಾಸ್ನೆ ಇಡ್ಕೊಂಡ್ರು. ತಾವರೆಕೆರೆ ದಾಟೋದ್ರೊಳ್ಗೆ ಅಷ್ಟೂ ಮಾರ್ಬುಟ್ಟೆ. ಸಂಜೆ ದುಡ್ಡು ತತ್ತೀನಿ. ನಾಳೆ ಎರಡು ಡಬ್ಬ ಆಕಿ."

"ಅಂಗಡಿಯವರಿಗೆ ನಾನೇನು ಹೇಳ್ಲಿ?"

"ಬೇಕಿದ್ರೆ ಅವ್ರೂ ನಮ್ ಬಸ್ ಅತ್ಲಿ."

೪. ತಂಡ, ಬಂಡವಾಳ, ಮುಯ್ಯಿ

ಚಳಿ ಬಲಿತ ಮೇಲೆ ಒಂದು ಹೋಟೆಲಿನಿಂದ ದೊಡ್ಡ ಆರ್ಡರ್ ಬಂತು. ರಾಗಿ ಕುಯ್ಲಿನ ಸಮಯ, ಕೂಲಿಗೆ ಒಬ್ಬರೂ ಸಿಗಲಿಲ್ಲ. ನಾನು ಅಳುವುದೊಂದು ಬಾಕಿ.

"ಕೂಲಿಗ್ಯಾಕೆ ಕರೀತೀಯ? ಮುಯ್ಯಿಗೆ ಕರಿ" ಅಂದರು ಅತ್ತೆ.

ಮುಯ್ಯಿ ಅಂದರೆ ಇಷ್ಟೇ. ಇವತ್ತು ನೀನು ನನ್ನ ಕೆಲಸಕ್ಕೆ ಬಾ, ನಾಳೆ ನಾನು ನಿನ್ನ ಕೆಲಸಕ್ಕೆ ಬರುತ್ತೇನೆ, ಕಾಸಿನ ಮಾತಿಲ್ಲ. ಬೀದಿ ಹೆಂಗಸರೆಲ್ಲ ಬಂದು ಕೂತು ಹಿತುಕಿದರು, ಆರ್ಡರ್ ಹೊತ್ತಿಗೆ ಸರಿಯಾಗಿ ಹೋಯಿತು. ಆಮೇಲೆ ಶುರುವಾಯಿತು ತೀರಿಸುವ ಸರದಿ. ದಿನಾ ಒಬ್ಬೊಬ್ಬರ ಹೊಲದಲ್ಲಿ ನಾನು ಕುಡುಗೋಲು ಹಿಡಿದೆ.

ಬೇಳೆ ಹಳಸದಂತೆ ಇಡಲು ನನಗೆ ದೊಡ್ಡ ಫ್ರೀಜರ್ ಬೇಕಿತ್ತು. ಅದಕ್ಕೆ ಬಂಡವಾಳ ಹಾಕಬಹುದಾದ ಬೆಂಗಳೂರಿನ ಸಾಹೇಬರೊಬ್ಬರನ್ನು ಗುರುಗಳು ಕಳಿಸಿದರು. ಅವರು ಬಂದಾಗ ಕೋಣೆಗೆ ಬೀಗ. "ಕಂಪ್ನಿ ಒಲದ ತಾವೈತೆ" ಅಂತ ಯಾರೋ ದಾರಿ ತೋರಿಸಿದರು.

ಬದುವಿನ ಮೇಲೆ ನಿಂತು ಅವರು "ನಿಮ್ಮ ತಂಡ ಎಲ್ಲಿ?" ಅಂದರು. ಬಗ್ಗಿ ರಾಗಿ ಕುಯ್ಯುತ್ತಿದ್ದ ಬೆನ್ನುಗಳನ್ನು ತೋರಿಸಿದೆ. ಹಿಡಿದ ಸಾಲು ಬಿಟ್ಟು ಏಳುವ ಹಾಗಿಲ್ಲ, ಕುಯ್ಯುತ್ತಲೇ ಫ್ರೀಜರಿನ ಕತೆ ಹೇಳಿದೆ. ಹೊಲದ ಯಜಮಾನಿಗೆ ಅದು ಸರಿಬರಲಿಲ್ಲ.

"ಸುಮ್ಕೆ ನಿಂತವ್ರಲ್ಲ, ಅವ್ರ ಕೈಗೂ ಒಂದು ಕುಡ್ಲು ಕೊಡ್ರವ್ವ."

ಪಾಪ, ಸಾಹೇಬರು ಶರಟಿನ ತೋಳು ಮಡಿಸಿ ಊಟದ ಹೊತ್ತಿನವರೆಗೂ ಕುಯ್ದರು. ಹೋಗುವಾಗ ಸೊಂಟ ಹಿಡಿದುಕೊಂಡು "ಯೋಚಿಸಿ ಹೇಳ್ತೀನಿ" ಅಂದರು. ಆ ಮಾತಿನ ಅರ್ಥ ನನಗೆ ಗೊತ್ತು. ಸಂಕ್ರಾಂತಿ ಇನ್ನೇನು ಬಂದೇಬಿಟ್ಟಿತ್ತು.

ಮುಂದಿನ ವಾರ ಒಂದು ಬೆಳಿಗ್ಗೆ ಎದ್ದರೆ ಅತ್ತೆ ಇಲ್ಲ, ಬೀದಿ ಹೆಂಗಸರೂ ಇಲ್ಲ, ನೆನೆಸಿದ ಕಾಳಿನ ಬಕೆಟ್ಟುಗಳೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಸಾಹೇಬರ ಫೋನು ಬಂತು.

"ಮೇಡಮ್, ನಿಮ್ಮ ಅತ್ತೆಯವರು ಬೀದಿಯವರನ್ನೆಲ್ಲ ಕಟ್ಟಿಕೊಂಡು ನಮ್ಮ ಆಫೀಸಿಗೆ ಬಂದಿದ್ದಾರೆ. ನಾನು ಕುಯ್ದಿದ್ದಕ್ಕೆ ಮುಯ್ಯಿ ತೀರಿಸಬೇಕಂತೆ. ಕೆಲಸ ಕೊಡು ಅಂತ ಕೂತಿದ್ದಾರೆ. ನಾನೇನು ಕೆಲಸ ಕೊಡಲಿ?"

ಸಂಜೆ ಅತ್ತೆ ಖಾಲಿ ಬಕೆಟ್ಟುಗಳ ಜೊತೆ ಬಸ್ಸಿಳಿದರು. ಮುಖದಲ್ಲಿ ನಿಜವಾದ ಮರುಕವಿತ್ತು.

"ಪಾಪ ಕಣೆ, ಅಷ್ಟು ದೊಡ್ಡ ಆಪೀಸು, ಒಬ್ರಿಗೂ ಕೆಲ್ಸ ಇಲ್ಲ. ಎಲ್ಲಾ ಟೀವಿ ನೋಡ್ಕೊಂಡು ಕುಂತವ್ರೆ. ಕಾಳು ತಕ್ಕೊಂಡೋಗಿದ್ದು ಒಳ್ಳೇದಾಯ್ತು. ಎಲ್ಲಾರ್ ಕೈಲೂ ಇತುಕ್ಸುದ್ವಿ."

"ಫ್ರೀಜರ್ ವಿಷಯ ಏನಂದ್ರು ಅತ್ತೆ?"

"ಯೋಚ್ನೆ ಮಾಡ್ತಾವ್ರಂತೆ."

ಮುಗಿಯಿತು ಅಂದುಕೊಂಡೆ. ಸಂಕ್ರಾಂತಿ ಎಳ್ಳುಬೆಲ್ಲ ಹಂಚಿದ ಮೇಲೆ, ಮಾತು ತಪ್ಪಬಾರದು ಅಂತ ಕೋಣೆಯ ಬೀಗದ ಕೈಯನ್ನು ನಾನೇ ಅತ್ತೆಯ ಮುಂದೆ ಇಟ್ಟೆ. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮುಚ್ಚಕ್ಕೆ ಎಂಗಾಯ್ತದೆ? ಇಡೀ ಆಪೀಸು ಒಂದಿನ ಇತುಕೈತೆ. ಆ ಮುಯ್ಯಿ ತೀರ್ಸೋರು ಯಾರು, ನಿಮ್ಮಪ್ಪಾನಾ?"