ಶೋಧರಾಯ ಕೊಟ್ಟ ಒಂದೇ ಉತ್ತರ

"ನೋಡ್ರಿ ಮೇಡಂ! ಜಗತ್ತಿನ ಎಲ್ಲ ಮಾಹಿತಿಕೋಶಗಳನ್ನೂ ಮೂರೇ ಉಸಿರಲ್ಲಿ ಜಾಲಾಡ್ತಾನೆ!" ಕೊಟ್ರಯ್ಯ ತನ್ನ ಯಂತ್ರದ ಬೆನ್ನು ತಟ್ಟಿದ. ಪಾಲಿಟೆಕ್ನಿಕ್ ಲ್ಯಾಬಿನಿಂದ ನಿವೃತ್ತನಾದ ಮೇಲೆ ಅವನು ಕಟ್ಟಿದ ಏಳನೇ ಯಂತ್ರವದು. ಹೆಸರು ಶೋಧರಾಯ, ಆಕಾರ ಹಾಲಿನ ಕ್ಯಾನಿನದು.

ಸರ್ವಮಂಗಳೆ ನಗಲಿಲ್ಲ. ದಾವಣಗೆರೆಯ ಗ್ರಂಥಾಲಯದ ಎರಡನೇ ಮಹಡಿಯ ಪರಾಮರ್ಶನ ವಿಭಾಗದಲ್ಲಿ ಅವಳೊಬ್ಬಳೇ. ಯಾರಾದರೂ ಬಂದು ಏನಾದರೂ ಕೇಳಿ ಎಷ್ಟೋ ತಿಂಗಳಾಗಿತ್ತು. ಕಿರುಗುಟ್ಟುವ ಫ್ಯಾನಿಗೆ ಅವಳು ಎಣ್ಣೆ ಹಾಕಿಸಿರಲಿಲ್ಲ, ಅದರ ಸದ್ದಾದರೂ ಜೊತೆಗಿರಲಿ ಅಂತ. ಇವತ್ತು ಗ್ರಂಥಾಲಯ ಸಮಿತಿಯ ಪರೀಕ್ಷೆಯಲ್ಲಿ ಯಂತ್ರ ಗೆದ್ದರೆ ಅವಳ ಮೇಜು ಕೆಳಗಿನ ಗೋದಾಮಿಗೆ, ಅದರ ಹಿಂದೆ ಅವಳೂ.

"ಗೊರಕೆ ನಿಲ್ಲಿಸೋದು ಹೇಗೆ ಅಂತ ಕೇಳಯ್ಯ" ಎಂದರು ಸಮಿತಿಯ ಅಧ್ಯಕ್ಷ ರುದ್ರಮುನಿ.

ನಲವತ್ತು ಲಕ್ಷ ಉತ್ತರ! ಹಂದಿಯ ಗೊರಕೆ, ತಿಮಿಂಗಿಲದ ಗೊರಕೆ, ದಿಂಬಿನ ಜಾಹೀರಾತು. ಕಾಗದ ಉಕ್ಕಿ ಅಧ್ಯಕ್ಷರ ಎದೆಮಟ್ಟಕ್ಕೆ ಬಂತು.

ಸರ್ವಮಂಗಳೆಗೆ ತಡೆಯಲಾಗಲಿಲ್ಲ. "ಹಂಗೆ ಕೇಳಿದ್ರೆ ಹಿಂಗೇ ಸಿಗೋದು! ಮೊದಲು ಯಾರದು, ಎಂದಿನಿಂದ ಅಂತ ವಿಚಾರಿಸ್ಬೇಕು. ಜೊತೆಯಾಗೇ ಬರಬೇಕಾದ ಪದಗಳನ್ನ ಉದ್ಧರಣ ಚಿಹ್ನೆಯೊಳಗೆ ಕೂರಿಸ್ಬೇಕು. ಬೇಡದ ಪದಕ್ಕೆ ಮೈನಸ್."

"ಅದನ್ನೂ ಕಲಿಸಿದ್ರಾಯ್ತು!" ಕೊಟ್ರಯ್ಯ ಸ್ಕ್ರೂ ತಿರುಗಿಸಿದ.

"ಯಾರ ಗೊರಕೆ?" ಎಂದಿತು ಯಂತ್ರ.

"ನಂದೇ."

"ದೂರು ಕೊಟ್ಟವರು?"

"ಯಾರೂ ಇಲ್ಲ. ನಾನೊಬ್ನೇ ಮಲಗೋದು."

"ಹಾಗಾದರೆ ಕೇಳಿಸಿಕೊಂಡವರು ಯಾರು?"

ಅಧ್ಯಕ್ಷರು ಕೊಟ್ರಯ್ಯನ ಕಡೆ ತಿರುಗಿದರು. ಫ್ಯಾನು ಕಿರುಗುಟ್ಟಿತು. "ಆಫ್ ಮಾಡಯ್ಯ ಇದನ್ನ!"

"ಆಗ್ತಿಲ್ಲ ಸಾರ್! ಯಾಕೆ ಆಫ್ ಮಾಡ್ಬೇಕು ಅಂತ ಕೇಳ್ತಿದಾನೆ!"

ಶೋಧರಾಯ ಆಗಲೇ ಕಳೆಯತೊಡಗಿದ್ದ. ಹಂದಿ ಮೈನಸ್. ತಿಮಿಂಗಿಲ ಮೈನಸ್. ದಿಂಬು ಮೈನಸ್. ನಲವತ್ತು ಲಕ್ಷ ನಲವತ್ತು ಸಾವಿರವಾಯಿತು, ಆಮೇಲೆ ನಲವತ್ತು. ಕೊನೆಗೆ ಒಂದೇ ಚೀಟಿ ಹೊರಬಂತು: "ಬೇಕಾಗಿರುವುದು ಕೇಳಿಸಿಕೊಳ್ಳುವವರು. ಸಿಕ್ಕಿದ್ದು ಒಂದು. ಸರ್ವಮಂಗಳಾ, ಎರಡನೇ ಮಹಡಿ. ಬಿಡುವಾಗಿದ್ದಾರೆ."

ಯಂತ್ರದ ತಂತಿ ಎಲ್ಲ ಮಾಹಿತಿಕೋಶಗಳಿಗೂ ಹೋಗಿತ್ತಲ್ಲ! ಶೇಂಗಾದ ರೋಗ ಹುಡುಕಿದವರಿಗೂ, ಮೈಸೂರು ರೈಲಿನ ಸಮಯ ಹುಡುಕಿದವರಿಗೂ ಅದೇ ಉತ್ತರ ಬಂತು: ಸರ್ವಮಂಗಳಾ, ಎರಡನೇ ಮಹಡಿ. ಫೋನು ಬಾಯಿ ಮುಚ್ಚಲಿಲ್ಲ. ಹನ್ನೆರಡರ ಹೊತ್ತಿಗೆ ಸಾಲು ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡ್ ಮುಟ್ಟಿತ್ತು. ಅಧ್ಯಕ್ಷರು ಅದರಲ್ಲಿ ಮೂರನೆಯವರು.

ಮೇಜು ಉಳಿಯಿತು. ಸಂಜೆಯೊಳಗೆ ಅವಳು ನೂರಾ ಹದಿನೇಳು ಪ್ರಶ್ನೆಗಳಿಗೆ ಉತ್ತರ ಕೊಟ್ಟಳು. ಅಷ್ಟೂ ಪ್ರಶ್ನೆಗಳಲ್ಲಿ "ಊಟ ಆಯ್ತೇನ್ರಿ?" ಅನ್ನುವುದೊಂದು ಇರಲಿಲ್ಲ.